ಬೀಗ ಹಾಕಿದ ಗೇಟಿನ ಮುಂದೆ, ಬೆಳಿಗ್ಗೆ 6:54ಕ್ಕೆ

ಮೈದಾನದ ಬೀಗದ ಕೈಯನ್ನು ತಮ್ಮ ಮೇಜಿನ ಡ್ರಾಯರಿನಲ್ಲಿ ಜೋಪಾನವಾಗಿ ಕಾಪಾಡಿಕೊಂಡು ಬಂದಿರುವ ಮಾನ್ಯ ಅಧಿಕಾರಿಗಳೇ,

ಬೆಟಗೇರಿಯ ಜೈಬುನ್ನೀಸಾ ಅವರ ಪರಿಹಾರದ ಅರ್ಜಿಗೆ ತಮ್ಮ ಕಚೇರಿಯಿಂದ ಬಂದ ಉತ್ತರದ ಪತ್ರದಲ್ಲಿ ಒಂದು ಸುಳ್ಳು ವಾಕ್ಯವಿದೆ. ಅದನ್ನು ತಾವು ತೆಗೆಯಬೇಕು. ವಾಕ್ಯ ಇದು: "ಸದರಿ ಮೈದಾನವು ನವೆಂಬರ್ ಒಂದರಿಂದಲೇ ಸಾರ್ವಜನಿಕರ ಬಳಕೆಗೆ ಮುಕ್ತವಾಗಿದ್ದು, ಸುರಕ್ಷಿತ ಮೈದಾನ ಲಭ್ಯವಿದ್ದಾಗ್ಯೂ ಮೃತರು ಸ್ವಇಚ್ಛೆಯಿಂದ ರಸ್ತೆಯಲ್ಲಿ ಓಡುತ್ತಿದ್ದುದು ಕಂಡುಬಂದಿರುತ್ತದೆ." ಮೃತರು ಎಂದರೆ ಜೈಬುನ್ನೀಸಾ ಅವರ ಗಂಡ ದಸ್ತಗೀರಸಾಬ. ಐವತ್ತೊಂದು ವರ್ಷ, ಕೈಮಗ್ಗದ ನೇಕಾರರು, ಹತ್ತು ಕಿಲೋಮೀಟರನ್ನು ಐವತ್ತೆರಡು ನಿಮಿಷದಲ್ಲಿ ಓಡಿ ಮುಗಿಸುತ್ತಿದ್ದವರು. ಕಳೆದ ಡಿಸೆಂಬರ್ ಹದಿನಾಲ್ಕರ ಮುಂಜಾನೆ ಮಂಜಿನಲ್ಲಿ, ಮುಂಡರಗಿ ರಸ್ತೆಯಲ್ಲಿ, ಹಿಂದಿನಿಂದ ಬಂದ ಟೆಂಪೊ ಬಡಿದು ತೀರಿಕೊಂಡರು. ಯಾರಿಗೆ ಎಲ್ಲಿ ಏನು "ಕಂಡುಬಂದಿತು", ಸರ್? ಆ ಮುಂಜಾನೆ ಅಲ್ಲಿದ್ದವಳು ನಾನು. ತಾವು ಕಂಡುಬರಲಿಲ್ಲ.

ನಾನು ಗದಗಿನ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷ ಓದುತ್ತಿದ್ದೇನೆ. ಊರು ಶಿರಹಟ್ಟಿ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು. ಕನ್ನಡ ಮಾತಾಡಿದರೆ ಕೊರಳಿಗೆ ಬೋರ್ಡು ತೂಗುಹಾಕಿ ಅಸೆಂಬ್ಲಿಯಲ್ಲಿ ನಿಲ್ಲಿಸುತ್ತಿದ್ದ ಶಾಲೆ ಅದು. ಹಾಗಾಗಿ "ಸದರಿ" ಎಂದರೇನು, "ಲಭ್ಯವಿದ್ದಾಗ್ಯೂ" ಎಂದರೇನು ಎಂದು ನಾನು ಬೇರೆಯವರನ್ನು ಕೇಳಬೇಕಾಯಿತು. "ಸ್ವಇಚ್ಛೆ" ಮಾತ್ರ ಯಾರನ್ನೂ ಕೇಳದೆ ತಿಳಿಯಿತು. ಅಧಿಕಾರಿಗಳಿಗೆ ಹೀಗೆಲ್ಲ ಬರೆದು ಅಭ್ಯಾಸವಿಲ್ಲ. ಕುಳಿತಲ್ಲೇ ಕೈಯ ಬ್ಯಾಂಡು ನನ್ನ ಎದೆಬಡಿತವನ್ನು ನೂರಾ ಹದಿನೆಂಟು ಎಂದು ತೋರಿಸುತ್ತಿದೆ. ತಪ್ಪಿದ್ದರೆ ಕ್ಷಮಿಸಿ ಎಂದು ಬರೆಯಲು ಹೊರಟಿದ್ದೆ. ಬರೆಯುವುದಿಲ್ಲ.

ನಾವು ನಾಲ್ಕು ಜನ ಓಡುತ್ತಿದ್ದೆವು. ಅನ್ನಪೂರ್ಣವ್ವ ಟೀಚರ್, ಪ್ರಾಥಮಿಕ ಶಾಲೆಯವರು. ಬೆಳಿಗ್ಗೆ ಐದೂವರೆಗೆ ಹಾಸ್ಟೆಲಿನ ಬಾಗಿಲಿಗೆ ಬಂದು, ವಾರ್ಡನ್ನಿಗೆ ಮುಖ ತೋರಿಸಿ, ನನ್ನನ್ನು ಕರೆದುಕೊಂಡು ಹೋಗುತ್ತಿದ್ದವರು ಅವರೇ. ಗವಿಸಿದ್ದೇಶ ಮೊಬೈಲ್ ಅಂಗಡಿಯವನು. ಯಾವ ಬೂಟಿನ ಅಟ್ಟೆ ಎಷ್ಟು ದಪ್ಪ, ಯಾವ ಗಡಿಯಾರ ಏನು ಅಳೆಯುತ್ತದೆ ಎಂದು ಓಡುತ್ತಲೇ ಭಾಷಣ ಮಾಡುವವನು. ಎಲ್ಲರ ಫೋನಿಗೂ ಓಟದ ಆ್ಯಪ್ ಹಾಕಿಕೊಟ್ಟವನು ಅವನೇ. ಮತ್ತೆ ದಸ್ತಗೀರಸಾಬರು, ನಮ್ಮೆಲ್ಲರ ಕಾಕಾ. ಕಾಕಾ ತಮ್ಮ ಹಳೆಯ ಬೂಟಿಗೆ ಚಮ್ಮಾರರಿಂದ ಟಯರಿನ ಅಟ್ಟೆ ಹೊಡೆಸಿಕೊಂಡಿದ್ದರು.

"ಕಾಕಾ, ಇವು ಬೂಟಲ್ರೀ, ಟ್ರ್ಯಾಕ್ಟರ್ ಗಾಲಿ" ಎನ್ನುತ್ತಿದ್ದ ಗವಿಸಿದ್ದೇಶ.

"ಪಂಚರ್ ಆಗೂದಿಲ್ಲಲೇ ಮಗನ. ನೀ ಮೊದಲ ನಿನ್ನ ಬೂಟಿಗೆ ಗಾಳಿ ಹಾಕಿಸ್ಕೊಂಡ ಬಾ ಹೋಗು."

ಓಟ ಶುರುವಾಗುತ್ತಿದ್ದುದೂ ಮುಗಿಯುತ್ತಿದ್ದುದೂ ತಮ್ಮ ಮೈದಾನದ ಗೇಟಿನ ಮುಂದೆ. ಏಕೆಂದರೆ ನಮಗೆ ಬೇಕಾಗಿದ್ದದ್ದು ಅದರ ಒಳಗಿತ್ತು. ನಾನೂರು ಮೀಟರಿನ ಕೆಂಪು ಟ್ರ್ಯಾಕು, ಎಂಟು ಬಿಳಿ ಗೆರೆ. ಹಾಸಿ ಒಂದು ವರ್ಷದ ಮೇಲಾಗಿದೆ. ಗೇಟಿನ ಮೇಲೆ "ಶೀಘ್ರದಲ್ಲೇ ಲೋಕಾರ್ಪಣೆ" ಎಂಬ ಫ್ಲೆಕ್ಸು. ಗಣ್ಯರ ದಿನಾಂಕ ಸಿಗುವುದರೊಳಗೆ ಬಿಸಿಲಿಗೆ ಗಣ್ಯರ ಮುಖವೇ ಬಿಳಿಚಿಕೊಂಡಿದೆ. ಕಾಕಾ ದಿನಾಲು ಬಂದವರೇ ಬೀಗವನ್ನು ಒಮ್ಮೆ ಎತ್ತಿ ಅಲ್ಲಾಡಿಸಿ, "ಇವತ್ತೂ ಸಲಾಂ ಅಪ್ಪಾ ನಿನಗ" ಎಂದು ಹೇಳಿ ರಸ್ತೆಯ ಕಡೆ ತಿರುಗುತ್ತಿದ್ದರು.

ಅಕ್ಟೋಬರಿನಲ್ಲಿ ನಾವು ಅರ್ಜಿ ಹಿಡಿದು ತಮ್ಮ ಹತ್ತಿರ ಬಂದದ್ದು ನೆನಪಿದೆಯೇ? ತಾವು ಹೇಳಿದಿರಿ: "ಉದ್ಘಾಟನಿ ಆಗೂತನಕ ಯಾರೂ ಕಾಲ ಇಡೂಹಂಗಿಲ್ರಿ. ಟ್ರ್ಯಾಕ್ ಹೊಲಸ ಆಗತೈತಿ."

ಕಾಕಾ ಎದ್ದು ನಿಂತು, ಎರಡೂ ಕೈ ಕಟ್ಟಿಕೊಂಡು ಹೇಳಿದರು: "ಬೂಟ ಕಳದ ಓಡತೇವ್ರಿ ಸಾಹೇಬ್ರ. ಬೇಕಾದ್ರ ಕಾಲ ತೊಳಕೊಂಡ ಬರತೇವ್ರಿ."

ತಾವು ನಕ್ಕಿರಿ. ಕಾಕಾನೂ ನಕ್ಕರು. ನಾನೂ ನಕ್ಕೆ. ಆದರೆ ಕಾಕಾ ತಮಾಷೆ ಮಾಡಿರಲಿಲ್ಲ. ಖರೇನೇ ಹೇಳಿದ್ದರು.

ಇನ್ನು ಜಾಕೀಟಿನ ವಿಷಯ. ಇದು ತಮ್ಮ ಕಡತದಲ್ಲಿಲ್ಲ, ನಾನೇ ಹೇಳಬೇಕು. ರಸ್ತೆಯ ಕೆಲಸದವರು ಹಾಕಿಕೊಳ್ಳುವಂಥ, ಬೆಳಕು ಬಿದ್ದರೆ ಮಿಂಚುವ ಪಟ್ಟಿಗಳ ಹಸಿರು ಜಾಕೀಟು ನಮ್ಮಲ್ಲಿ ಒಂದೇ ಒಂದಿತ್ತು. ಗಾಡಿಗಳು ಹಿಂದಿನಿಂದ ಬರುತ್ತವಾದ್ದರಿಂದ ಎಲ್ಲರಿಗಿಂತ ಹಿಂದೆ ಉಳಿಯುವವರು ಅದನ್ನು ಹಾಕಿಕೊಳ್ಳಬೇಕೆಂಬುದು ನಮ್ಮ ನಿಯಮ. ಹಿಂದೆ ಉಳಿಯುತ್ತಿದ್ದವಳು ನಾನು. "ಇವತ್ತ ಶಾಲು ಹೊದಿಸಿ ಸನ್ಮಾನ ಯಾರಿಗ್ರೀ?" ಎಂದು ಗವಿಸಿದ್ದೇಶ ದಿನಾ ಮುಂಜಾನೆ ಕೇಳುತ್ತಿದ್ದ, ಉತ್ತರ ಗೊತ್ತಿದ್ದೂ. ಮೂರು ತಿಂಗಳು ಆ ಸನ್ಮಾನ ನನಗೇ ಆಯಿತು. ಜಾಕೀಟು ನನ್ನ ರೂಮಿನಲ್ಲೇ ಇರುತ್ತಿತ್ತು. ರೂಮಿನ ಹುಡುಗಿಯರು ಅದನ್ನು ನೋಡಿ ಏನು ಎಂದು ಕೇಳಿದಾಗ ನಾನು ಸೇಫ್ಟಿಗೆ ಎನ್ನುತ್ತಿದ್ದೆ. ಅವಮಾನಕ್ಕೆ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ.

ಕಾಕಾನಿಗೆ ಇದು ತಿಳಿದಿರಬೇಕು. ಅದಕ್ಕೇ ಐವತ್ತೆರಡು ನಿಮಿಷದಲ್ಲಿ ಓಡಬಲ್ಲ ಅವರು ದಿನಾಲು ನನ್ನ ಜೊತೆ ಎಪ್ಪತ್ತೈದು ನಿಮಿಷ ಓಡುತ್ತಿದ್ದರು. "ಮೊದಲ ಎರಡ ಕಿಲೋಮೀಟರ್ ಮಾತಾಡಿಕೋಂತ ಓಡ ಬೇಟಾ. ಮಾತ ತುಂಡಾಗಾಕ ಹತ್ತಿದ್ರ, ಜೋರ ಆತು ಅಂತ ತಿಳಿ" ಎಂದು ಕಲಿಸಿದವರು ಅವರು. ನನ್ನ ಹೆಜ್ಜೆ ಒಮ್ಮೆ ಜೋರು ಒಮ್ಮೆ ಸಾವಕಾಶ ಬೀಳುತ್ತದೆಂದು, ಒಂದು ದಿನ ತಮ್ಮ ಮಗ್ಗದ ಪಕ್ಕದಲ್ಲಿ ಫೋನಿಟ್ಟು ನಲವತ್ತೊಂದು ನಿಮಿಷ ನೇಯ್ದ ಸದ್ದನ್ನು ರೆಕಾರ್ಡ್ ಮಾಡಿ ಕಳಿಸಿದರು. ಮಗ್ಗದ ಒಂದು ಏಟಿಗೆ ಎರಡು ಹೆಜ್ಜೆ. ಅದನ್ನು ಕಿವಿಗೆ ಹಾಕಿಕೊಂಡು ಓಡಿದರೆ ಕಾಲು ತಾನೇ ಹದಕ್ಕೆ ಬರುತ್ತಿತ್ತು. ಆರನೇ ನಿಮಿಷದಲ್ಲಿ ಜೈಬುನ್ನೀಸಾ ಅವರ ದನಿ ಬರುತ್ತದೆ, ಚಹಾ ತರಲೇ ಎಂದು ಉರ್ದುವಿನಲ್ಲಿ ಕೇಳುತ್ತಾರೆ. ಹದಿಮೂರನೇ ನಿಮಿಷದಲ್ಲಿ ಮಗ್ಗ ನಿಲ್ಲುತ್ತದೆ. ಕಾಕಾನ ದನಿ: "ಎಳಿ ಹರೀತು, ಗಂಟ ಹಾಕತೀನಿ. ನೀ ನಿಂದರಬ್ಯಾಡ ಬೇಟಾ, ಓಡ್ತಾ ಇರು." ಮತ್ತೆ ಏಟು ಶುರು.

ಡಿಸೆಂಬರ್ ಹದಿನಾಲ್ಕರಂದು ನಾನು ಜಾಕೀಟನ್ನು ರೂಮಿನಲ್ಲೇ ಬಿಟ್ಟು ಹೋದೆ. ಎಪ್ಪತ್ತು ನಿಮಿಷದ ಒಳಗೆ ಓಡಬೇಕು, ಮುಗಿಸಿದಾಗ ಒಂದು ಫೋಟೋ ಬೇಕು, ಆ ಫೋಟೋದಲ್ಲಿ ಜಾಕೀಟು ಇರಬಾರದು. ಇಷ್ಟೇ ಆಸೆ. ಗೇಟಿನ ಹತ್ತಿರ ಕಾಕಾ ಕೇಳಿದರು, "ಶಾಲು ಎಲ್ಲಿ?"

"ಒಗದೀನ್ರಿ ಕಾಕಾ, ಇನ್ನಾ ಆರಿಲ್ಲ."

"ಇರ್ಲಿ ಬಿಡು. ನಾ ನಿನ್ನ ಹಿಂದ ಬರತೀನಿ. ನೀ ಮುಂದ ನೋಡಿ ಓಡು."

ಬೀಗಕ್ಕೆ ಸಲಾಂ ಹೇಳಿದರು. ಐದು ಮುಕ್ಕಾಲಿಗೆ ಹೊರಟೆವು. ಅನ್ನಪೂರ್ಣವ್ವ ಮತ್ತು ಗವಿಸಿದ್ದೇಶ ಎಂದಿನಂತೆ ಮುಂದೆ ಹೋದರು. ಐದು ಕಿಲೋಮೀಟರಿಗೆ ತಿರುಗಿದಾಗ ಕಾಕಾ ನನ್ನ ಹಿಂದೆಯೇ ಇದ್ದರು, ಹೆಬ್ಬೆರಳು ಎತ್ತಿ ತೋರಿಸಿದರು. ಆಮೇಲೆ ನಾನು ಹಿಂದೆ ನೋಡಲಿಲ್ಲ. ಮುಂದೆ ನೋಡಿ ಓಡು ಎಂದಿದ್ದರಲ್ಲ. ಕಿವಿಯಲ್ಲಿ ಮಗ್ಗ ಎರಡನೇ ಸಲ ಮೊದಲಿನಿಂದ ಶುರುವಾಗಿತ್ತು. ಎಂಟು ಕಿಲೋಮೀಟರು ಮುಗಿಯಲು ಸ್ವಲ್ಪ ಮೊದಲು, ಆರು ಮೂವತ್ತೊಂಬತ್ತರ ಸುಮಾರಿಗೆ, ನನ್ನ ಹಿಂದೆ ಒಂದು ಟೆಂಪೊ ನಿಂತಿತು. ಅದು ನನಗೆ ಕೇಳಿಸಲಿಲ್ಲ. ನಾನು ಬಹಳ ಸಲ ಲೆಕ್ಕ ಹಾಕಿದ್ದೇನೆ. ಆ ಹೊತ್ತಿಗೆ ನನ್ನ ಕಿವಿಯಲ್ಲಿ ಯಾವ ಜಾಗ ಬಂದಿತ್ತು? ಮಗ್ಗದ ಸದ್ದು ಶುರುಮಾಡುವ ಗುಂಡಿ ಒತ್ತಿದ್ದು ಹೊರಟಾಗಲೋ, ಹತ್ತು ಹೆಜ್ಜೆ ನಡೆದ ಮೇಲೋ ನೆನಪಿಲ್ಲ. ಒಂದು ಲೆಕ್ಕದಲ್ಲಿ ಬರೀ ಏಟುಗಳು ಬರುತ್ತವೆ. ಇನ್ನೊಂದು ಲೆಕ್ಕದಲ್ಲಿ ಹದಿಮೂರನೇ ನಿಮಿಷ ಬರುತ್ತದೆ. ನಾನು ನಿಲ್ಲಲಿಲ್ಲ. ನನ್ನ ಜೀವನದ ಅತಿ ವೇಗದ ಎರಡು ಕಿಲೋಮೀಟರು ಆ ಕೊನೆಯವು. ತಿಂಗಳಿಗೊಮ್ಮೆ ಆ್ಯಪ್ ನನಗೆ ಅಭಿನಂದನೆ ಕಳಿಸುತ್ತದೆ.

ಅರವತ್ತೇಳು ನಿಮಿಷ ನಲವತ್ತು ಸೆಕೆಂಡು. ಗೇಟಿನ ಹತ್ತಿರ ನಾನು ಕುಣಿದೆ. ಗವಿಸಿದ್ದೇಶ ಫೋಟೋ ತೆಗೆದು ನಮ್ಮ ವಾಟ್ಸ್ಯಾಪ್ ಗುಂಪಿಗೆ ಹಾಕಿದ. ಕೆಳಗೆ ನಾನು ಬರೆದೆ: "ಕಾಕಾ, ಶಾಲು ಇಲ್ಲದ ಮೊದಲ ಫೋಟೋ!" ಅನ್ನಪೂರ್ಣವ್ವ, "ಎಲ್ಲಿ ಅದಾರ ಕಾಕಾ? ಅವರ ಬೂಟ ಖರೇನ ಪಂಚರ್ ಆತೇನ ಮತ್ತ?" ಎಂದರು. ನಕ್ಕೆವು. ಐದು ನಿಮಿಷ ಆಯಿತು. ಹತ್ತಾಯಿತು. ಹುಡುಕಲು ಹೊರಟಾಗ ರಸ್ತೆಯಲ್ಲಿ ಒಂದು ಬೂಟು ಮಾತ್ರ ಇತ್ತು.

ಟೆಂಪೊದವನು ಓಡಿಹೋಗಿರಲಿಲ್ಲ. ಕಾಕಾನನ್ನು ತಾನೇ ಎತ್ತಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದಿದ್ದ. ನಾವು ಅಲ್ಲಿಗೆ ಹೋದಾಗ ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದ. "ಬಿಳಿ ಅಂಗಿ, ಬಿಳಿ ಮಂಜು. ಕಾಣ್ಲಿಲ್ರೀ ಯಕ್ಕಾ, ಏನೂ ಕಾಣ್ಲಿಲ್ಲ" ಎಂದ. ಕಾಕಾನ ಕಿಸೆಯಲ್ಲಿದ್ದ ಫೋನಿಗೆ ಇದೊಂದೂ ಗೊತ್ತಾಗಲಿಲ್ಲ. ಅದು ಟೆಂಪೊದ ಪಯಣವನ್ನೂ ಓಟವೆಂದೇ ಎಣಿಸಿತು. ಅವರ ಹೆಸರಿನ ಮುಂದೆ ಗಂಟೆಗೆ ಐವತ್ತೆಂಟು ಕಿಲೋಮೀಟರಿನ ದಾಖಲೆ ಬಂತು. ಆಮೇಲೆ ಬ್ಯಾಟರಿ ಮುಗಿಯುವ ತನಕ ಚುಕ್ಕೆ ಒಂದೇ ಜಾಗದಲ್ಲಿ ನಿಂತಿತ್ತು. ಆ ಓಟವನ್ನು ಮುಗಿಸುವ ಗುಂಡಿಯನ್ನು ಯಾರೂ ಒತ್ತಲಿಲ್ಲ. ನಾನು ಈಗಲೂ ಕೆಲವೊಮ್ಮೆ ತೆರೆದು ನೋಡುತ್ತೇನೆ. ಗೆರೆ ಶುರುವಾಗುವ ಜಾಗ ತಮ್ಮ ಗೇಟು, ಸರ್.

ಜನವರಿಯಲ್ಲಿ ತಮ್ಮ ಪತ್ರ ಬಂತು. ಜೈಬುನ್ನೀಸಾ ಅವರಿಗೆ ಕನ್ನಡ ಓದಲು ಬರುವುದಿಲ್ಲ. ನನ್ನನ್ನು ಕರೆಸಿದರು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು. ನಾನು ಓದಿದೆ.

"ಅಂದ್ರ, ನಮ್ಮವರದ ತಪ್ಪ ಅಂತಾರೇನವಾ?"

ನಾನು ಕಾಗದವನ್ನು ಮಡಚಿದೆ.

"ದಿನಾ ಮನಿಗಿ ಬಂದು ಹೇಳತಿದ್ರು, ಇವತ್ತೂ ಬೀಗ ಐತಿ, ಇವತ್ತೂ ಬೀಗ ಐತಿ ಅಂತ. ಸರಕಾರದವರು ನವೆಂಬರದಾಗ ತೆಗದೀವಿ ಅಂತಾರ. ಹಂಗಾರ ಒಂದೂವರಿ ತಿಂಗಳ ನನಗ ಸುಳ್ಳ ಹೇಳಿದ್ರೇನು? ಮೈದಾನ ಬಿಟ್ಟು ರಸ್ತೆಕ ಯಾಕ ಹೋಗತಿದ್ರು?"

ಮಾನ್ಯರೇ, ತಮ್ಮ ಒಂದು ವಾಕ್ಯ ಮಾಡಿದ ಕೆಲಸ ಇದು. ಇಪ್ಪತ್ತೆಂಟು ವರ್ಷ ಜೊತೆಗೆ ಬಾಳಿದ ಹೆಂಗಸು, ಸತ್ತ ಗಂಡನನ್ನು ಸುಳ್ಳುಗಾರನಿರಬಹುದೇ ಎಂದು ಯೋಚಿಸುವ ಹಾಗೆ ಮಾಡಿದಿರಿ. ಕಚೇರಿಯ ಮೊಹರು ಇದ್ದ ಕಾಗದ ಸುಳ್ಳು ಹೇಳುವುದಿಲ್ಲ ಎಂದು ನಂಬಿದವರು ಅವರು. ಕಾಕಾ ಆ ದಿನ ಸ್ವಇಚ್ಛೆಯಿಂದ ಮಾಡಿದ್ದು ಒಂದೇ: ನಿಧಾನವಾಗಿ ಓಡಿದ್ದು. ಅದೂ ನನಗಾಗಿ.

ಅನ್ನಪೂರ್ಣವ್ವ ಮತ್ತು ಗವಿಸಿದ್ದೇಶ ತಮ್ಮ ಕಚೇರಿಗೆ ಬಂದು, ಗೇಟಿಗೆ ಬೀಗವಿತ್ತು ಎಂದು ಹೇಳಿದಾಗ ತಾವು ಅಂದಿರಂತೆ, "ಬಾಯಿಮಾತು ನಡಿಯೂದಿಲ್ರಿ, ದಾಖಲೆ ಐತೇನು?" ದಾಖಲೆ ಇತ್ತು. ನನ್ನ ಫೋನಿನಲ್ಲಿತ್ತು. ಗುಂಪಿಗೆ ಹಾಕಿದ್ದ ಫೋಟೋವನ್ನು ಗವಿಸಿದ್ದೇಶ ಆ ದಿನವೇ ನಾಚಿಕೆಯಿಂದ ತನ್ನ ಫೋನಿನಿಂದಲೂ ಅಳಿಸಿದ್ದ. ನನ್ನಲ್ಲಿ ತಾನೇ ಉಳಿದುಕೊಂಡಿತ್ತು. ನಾನು ಅವರಿಬ್ಬರಿಗೂ ಹೇಳಲಿಲ್ಲ. ತೋರಿಸಿದರೆ ನನ್ನ ಮೈಮೇಲೆ ಜಾಕೀಟಿಲ್ಲದ್ದು ಎಲ್ಲರಿಗೂ ಕಾಣುತ್ತದೆ. ಯಾಕಿಲ್ಲ ಎಂದು ಕೇಳುತ್ತಾರೆ. ತಮ್ಮ ಸುಳ್ಳಿನ ನೆರಳಿನಲ್ಲಿ ನನ್ನ ಸುಳ್ಳೂ ತಣ್ಣಗೆ ಕುಳಿತಿತ್ತು, ಸರ್. ಮೂರು ತಿಂಗಳು ಇಬ್ಬರೂ ಸುಖವಾಗಿದ್ದೆವು. ತಮಗೆ ನಿದ್ದೆ ಬರುತ್ತಿತ್ತೇ? ನನಗೆ ಬರಲಿಲ್ಲ.

ನಿನ್ನೆ ಸಂಜೆ ಬೆಟಗೇರಿಗೆ ಹೋಗಿ ಎಲ್ಲಕ್ಕಿಂತ ಮೊದಲು ಜೈಬುನ್ನೀಸಾ ಅವರಿಗೆ ಫೋಟೋ ತೋರಿಸಿದೆ. ಜಾಕೀಟಿನ ಮಾತನ್ನೂ ಹೇಳಿದೆ. ಅವರು ನನ್ನ ಮುಖದ ಕಡೆ ನೋಡಲಿಲ್ಲ, ಫೋಟೋದಲ್ಲಿದ್ದ ನನ್ನನ್ನೂ ನೋಡಲಿಲ್ಲ. ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, ನನ್ನ ಹೆಗಲ ಹಿಂದೆ ಇದ್ದುದನ್ನು ಬಹಳ ಹೊತ್ತು ನೋಡಿದರು.

"ಇದ ಏನ ಆ ಬೀಗ?"

"ಹೌದ್ರಿ."

"ಖರೇನ ಹೇಳತಿದ್ರು ಹಂಗಾರ."

ಜಾಕೀಟಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಎದ್ದು ಒಳಗೆ ಹೋದರು. ನಾನು ಸ್ವಲ್ಪ ಹೊತ್ತು ಕುಳಿತಿದ್ದೆ. ಪಕ್ಕದ ಮನೆಗಳಲ್ಲಿ ಮಗ್ಗಗಳು ನಡೆಯುತ್ತಿದ್ದವು. ಅವರು ಹೊರಗೆ ಬರಲಿಲ್ಲ. ಎದ್ದು ಬಂದೆ.

ಪರಿಹಾರ ಕೇಳುತ್ತಿಲ್ಲ. ಗೇಟು ತೆರೆಯಿರಿ ಎಂದು ಕೇಳಬಹುದಿತ್ತು; ತಮ್ಮ ಕಾಗದದಲ್ಲಿ ಅದು ಆಗಲೇ ತೆರೆದಿರುವುದರಿಂದ, ಬೀಗವನ್ನೂ ಕಾಗದಕ್ಕೆ ತಕ್ಕಂತೆ ತಿದ್ದಿರಿ ಎನ್ನುತ್ತೇನೆ. ಇವತ್ತು ಮುಂಜಾನೆಯೂ ಹೋಗಿ ಎತ್ತಿ ನೋಡಿ ಬಂದೆ, ಇದೆ. ಆದರೆ ನನ್ನ ಬೇಡಿಕೆ ವಾಕ್ಯದ್ದು. ಹದಿನೈದು ದಿನದೊಳಗೆ ಅದನ್ನು ಹಿಂದಕ್ಕೆ ಪಡೆದು, ಡಿಸೆಂಬರ್ ಹದಿನಾಲ್ಕರಂದು ಗೇಟಿಗೆ ಬೀಗವಿತ್ತು ಎಂದು ಅದೇ ಕಚೇರಿಯ ಕಾಗದದ ಮೇಲೆ, ಅದೇ ಮೊಹರು ಒತ್ತಿ, ಜೈಬುನ್ನೀಸಾ ಅವರಿಗೆ ಬರೆದುಕೊಡಿ. ಓದಿ ಹೇಳಲು ನನ್ನನ್ನು ಮತ್ತೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಅನ್ನಪೂರ್ಣವ್ವ ಓದುತ್ತಾರೆ. ನನ್ನ ಪಾಲಿನ ತಪ್ಪನ್ನು ನಾನು ಮೇಲೆ ಬರೆದಿದ್ದೇನೆ. ತಮ್ಮ ಪಾಲಿನದನ್ನು ತಾವು ಬರೆಯಿರಿ.

ತಾವು ಕೇಳಿದ ದಾಖಲೆಯನ್ನು ಈ ಬಹಿರಂಗ ಪತ್ರದ ಜೊತೆ ಪತ್ರಿಕೆಯಲ್ಲಿ ಅಚ್ಚಿಗೆ ಕೊಟ್ಟಿದ್ದೇನೆ. ದಿನಾಂಕ, ವೇಳೆ ಕೆಳಗೆ ಮೂಲೆಯಲ್ಲಿದೆ. ನಗುತ್ತಿರುವವಳು ನಾನು. ನನ್ನ ಹಿಂದೆ ಇರುವುದು ತಮ್ಮ ಬೀಗ.

ಇಂತಿ, ಅರವತ್ತೇಳು ನಿಮಿಷ ನಲವತ್ತು ಸೆಕೆಂಡಿನಲ್ಲಿ ಓಡಿ, ಹಿಂತಿರುಗಿ ನೋಡದೆ ಬಂದವಳು,
ಮಮತಾ
ಬಿ.ಎಸ್ಸಿ. ಪ್ರಥಮ ವರ್ಷ, ಗದಗ