ಐವತ್ನಾಲ್ಕರ ಗರ್ಲ್

ನಮ್ಮ ಮನೆ
ಮಾರ್ಚ್ 14, ಮಂಗಳವಾರ ಸಂಜೆ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಬಾಣಂತಿ ಅಕ್ಕ ಸರಿಯಾಗಿ ಊಟ ಮಾಡುತ್ತಿದ್ದಾಳೆಯೇ? ಮಗುವಿನ ನೆಗಡಿ ಹೋಯಿತೇ? ನಾವಿಲ್ಲಿ ಕ್ಷೇಮ. ಅಪ್ಪ ಅಡುಗೆ ಕಲಿತಿದ್ದಾರೆ. ತಳ ಹಿಡಿಸುವುದನ್ನು ಮಾತ್ರ ಬಿಟ್ಟಿಲ್ಲ. ಕ್ಷೇಮಸಮಾಚಾರ ಇಷ್ಟೇ ಸಾಕು, ನನಗೆ ಮೈಯೆಲ್ಲ ಉರಿಯುತ್ತಿದೆ. "ಇನ್ನು ಲಾಂಡ್ರಿಗೆ ಬರಲ್ಲ ಕಣೇ, ವಯಸ್ಸಾಯ್ತು, ನನ್ನ ಹಾಜರಿ ಕಾರ್ಡು ಆಫೀಸಿಗೆ ಕೊಟ್ಬಿಡು" ಎಂದು ಬರೆದಿದ್ದೆಯಲ್ಲ, ಕೊಟ್ಟಿಲ್ಲ. ಕೊಡುವುದೂ ಇಲ್ಲ.

ಹೊಸ ಮ್ಯಾನೇಜರ್ ಬಂದಿದ್ದಾನೆ. ಗಡ್ಡ ಈಗಷ್ಟೇ ಕುಡಿಯೊಡೆದಿದೆ. ಬೆಳಿಗ್ಗೆ ಇಸ್ತ್ರಿ ಕೋಣೆಯ ಬಾಗಿಲಲ್ಲೇ ನಿಂತು, ಒಳಗಿನ ಬಿಸಿಗೆ ಮೂಗು ಮುಚ್ಚಿಕೊಂಡು, "ಗುಡ್ ಮಾರ್ನಿಂಗ್ ಗರ್ಲ್ಸ್!" ಎನ್ನುತ್ತಾನೆ. ಆಸ್ಪತ್ರೆಯ ಹರಿದ ಹಾಸಿಗೆಬಟ್ಟೆಗೆ ತೇಪೆ ಹಾಕುವ ನಮ್ಮ ಹೊಲಿಗೆ ಅತ್ತೆಗೆ ಮೊಮ್ಮಕ್ಕಳಿದ್ದಾರೆ, ಅವಳೂ ಗರ್ಲ್. ನೀನು ಎಂದು ಬರುತ್ತೀ ಎಂದು ಕೇಳಿದವನು ಹೇಗೆ ಕೇಳಿದ ಗೊತ್ತೇ? "ರಜೆ ಹಾಕಿರೋ ಆ ಗರ್ಲ್ ಎಲ್ಲಿ?" ನಿನಗೆ ಐವತ್ನಾಲ್ಕು! ಬಟ್ಟೆ ಇಳಿಸುವ ಗಂಡಸರನ್ನು ಅವನು ಬಾಯ್ಸ್ ಎನ್ನುವುದಿಲ್ಲ, ಮಿಸ್ಟರ್ ಎನ್ನುತ್ತಾನೆ.

ನಾನು ಸುಮ್ಮನಿರುವವಳೇ? ಲೈಬ್ರರಿಗೆ ಹೋಗಿ ಆ ಪದದ ಜಾತಕವನ್ನೇ ಬಿಡಿಸಿದೆ. ಅದು ಎಲ್ಲಿ ಹುಟ್ಟಿತೆಂದು ಇಂಗ್ಲಿಷ್ ಪಂಡಿತರಿಗೇ ಖಚಿತವಿಲ್ಲವಂತೆ. ಆರೇಳು ನೂರು ವರ್ಷದ ಹಿಂದೆ ಗರ್ಲ್ ಎಂದರೆ ಬರೀ ಮಗು: ಗಂಡೂ ಸರಿ, ಹೆಣ್ಣೂ ಸರಿ. ಆಮೇಲೆ ಗಂಡುಮಕ್ಕಳು ಮೆಲ್ಲನೆ ಅದರಿಂದ ಜಾರಿಕೊಂಡರು, ಹೆಣ್ಣುಮಕ್ಕಳು ಸಿಕ್ಕಿಬಿದ್ದರು. ಮುಂದೆ ಮದುವೆಯಾಗದವಳು ಗರ್ಲ್, ಪ್ರೀತಿಸಿದವಳು ಗರ್ಲ್, ಮನೆಗೆಲಸದವಳೂ ಗರ್ಲ್, ಅವಳ ತಲೆ ನರೆತರೂ ಗರ್ಲ್. ಗೆಳತಿಯರು ಒಬ್ಬರನ್ನೊಬ್ಬರು ಹಾಗೆ ಕರೆದುಕೊಂಡರೆ ಸಲಿಗೆ, ಒಪ್ಪುತ್ತೇನೆ. ಸಂಬಳ ಕೊಡುವವನು ಕರೆದರೆ ಅದಕ್ಕೆ ಏನೆನ್ನಬೇಕು?

ಹೋದ ವಾರ ಒಂದು ದಿನ ಊಟದ ಹೊತ್ತಿಗೆ ಬುಟ್ಟಿಯೊಂದನ್ನು ಬೋರಲು ಹಾಕಿ, ಅದರ ಮೇಲೆ ನಿಂತು ಇದನ್ನೆಲ್ಲ ಭಾಷಣ ಮಾಡಿದೆ. ನಮ್ಮ ಇಸ್ತ್ರಿ ಕೋಣೆಯ ಗುಂಡಕ್ಕ ಬಿದ್ದು ಬಿದ್ದು ನಕ್ಕಳು. "ಅಯ್ಯೋ, ನಮ್ಮೆಜಮಾನ್ರು ಅಜ್ಜಿ ಅಂತಾರೆ, ಈ ಪುಣ್ಯಾತ್ಮನಾದ್ರೂ ಹುಡುಗಿ ಅಂತಾನಲ್ಲೇ, ಅನ್ಲಿ ಬಿಡೇ!" ಎಂದಳು. ಎಲ್ಲರೂ ಗೊಳ್ಳೆಂದರು. ನನಗೆ ಅಳು ಬರುವುದೊಂದೇ ಬಾಕಿ. ಆಗ ಹೊಲಿಗೆ ಅತ್ತೆ ಬಾಯಲ್ಲಿದ್ದ ದಾರ ಕಡಿದು, "ಹುಡುಗಿ ಅಂದ್ರೆ ನನ್ನ ಗಂಟೇನೂ ಹೋಗಲ್ಲಮ್ಮ. ಆದ್ರೆ ಹುಡುಗಿ ಮಾತನ್ನ ಯಾರು ಕೇಳ್ತಾರೆ ಹೇಳು" ಎಂದಳು.

ಅದೇ ಆಯಿತು. ಹಾಸಿಗೆಬಟ್ಟೆ ಇಸ್ತ್ರಿ ಮಾಡುವ ಬಿಸಿ ಉರುಳೆಯ ಎರಡೂ ಬದಿಯವರು ಬಟ್ಟೆ ಸರಿಮಾಡಿ ಕೈ ತೆಗೆದದ್ದನ್ನು ನೋಡಿ ನೀನು "ಹೂಂ, ಬಿಡಿ!" ಎಂದು ಕೂಗುತ್ತಿದ್ದೆ, ಆಮೇಲಷ್ಟೇ ಸ್ವಿಚ್ಚು. ನೀನು ಹೋದ ಮೇಲೆ ಹೊಲಿಗೆ ಅತ್ತೆ ಕೂಗುತ್ತಿದ್ದಳು. ಇವನು ಬಂದವನೇ, "ಗರ್ಲ್ಸ್‌ಗೆ ಈ ತಲೆನೋವೆಲ್ಲ ಯಾಕೆ? ಆಫೀಸಿಂದ ಬೆಲ್ ಹೊಡೆಸ್ತೀನಿ, ಆಗ ಸ್ವಿಚ್ಚು ಹಾಕಿ" ಎಂದ. ಆಫೀಸಿನ ಗೋಡೆಗೆ ಕಣ್ಣಿದೆಯೇ? ಬೇಡ ಎಂದು ಅತ್ತೆ ಎಷ್ಟು ಹೇಳಿದರೂ ನಗುತ್ತಲೇ ಇದ್ದ. ನಿನ್ನೆ ಗುಂಡಕ್ಕ ಬಟ್ಟೆಯ ಮಡಿಕೆ ಬಿಡಿಸುತ್ತಿದ್ದಾಗಲೇ ಬೆಲ್ ಹೊಡೆಯಿತು, ಉರುಳೆ ತಿರುಗಿಯೇಬಿಟ್ಟಿತು. ಬೆರಳು ಉಳಿದಿವೆ, ಅಂಗೈ ಸುಟ್ಟಿದೆ. ಗಾಬರಿಯಾಗಬೇಡ, ಡಾಕ್ಟರು ವಾಸಿಯಾಗುತ್ತದೆ ಎಂದಿದ್ದಾರೆ. ಆದರೆ ಮ್ಯಾನೇಜರ್ ಬಂದು ಅಂದದ್ದೇನು? "ಗರ್ಲ್ಸ್, ಸ್ವಲ್ಪ ಹುಷಾರಾಗಿರಬಾರದಾ?"

ಆಮೇಲೆ ಬೆಲ್ ಹೊಡೆಯುತ್ತಲೇ ಇತ್ತು. ಯಾರೂ ಸ್ವಿಚ್ಚು ಮುಟ್ಟಲಿಲ್ಲ. ಘೋಷಣೆ ಇಲ್ಲ, ಜಗಳ ಇಲ್ಲ. ಎಲ್ಲರೂ ಕೈ ಕಟ್ಟಿಕೊಂಡು ನಿಂತರು. ಆಸ್ಪತ್ರೆಯವರು ಹಾಸಿಗೆಬಟ್ಟೆ ಎಲ್ಲಿ ಎಂದು ಫೋನ್ ಮಾಡತೊಡಗಿದಾಗ ಅವನ ಮುಖ ನೋಡಬೇಕಿತ್ತು. "ಏನ್ಮಾಡ್ಬೇಕು ಹೇಳ್ರಮ್ಮಾ" ಎಂದ. ಗರ್ಲ್ಸ್ ಹೋಗಿ ಅಮ್ಮಾ! ಕೂಗುವವರು ಕೋಣೆಯವರೇ ಆಗಬೇಕು, ಆ ಕೆಲಸಕ್ಕೆ ಒಂದು ಹುದ್ದೆ ಆಗಬೇಕು, ಅವರು ಬೇಡವೆಂದರೆ ಉರುಳೆ ತಿರುಗಬಾರದು ಎಂದೆವು. ಒಪ್ಪಿದ್ದಾನೆ. ಬರುವ ಸೋಮವಾರದೊಳಗೆ ಹೆಸರು ಕೊಡದಿದ್ದರೆ ಮತ್ತೆ ಬೆಲ್ಲೇ. ಹೊಲಿಗೆ ಅತ್ತೆಗೆ ಈಗ ದೂರದ್ದು ಮಂಜು ಮಂಜು, ಅವಳೇ ಬೇಡವೆಂದಳು. ಎಲ್ಲರ ಬಾಯಲ್ಲೂ ನಿನ್ನ ಹೆಸರೇ. ಕೈಗೆ ಪಟ್ಟಿ ಸುತ್ತಿಕೊಂಡ ಗುಂಡಕ್ಕ, "ಅವಳಿಗೆ ಬರೆಯೇ, ವಯಸ್ಸಾಗಿರೋದಕ್ಕೇ ಬೇಕಾಗಿರೋದು ಅಂತ" ಎಂದಳು. ಈಗ ಹೇಳು, ಕಾರ್ಡು ಹೇಗೆ ಕೊಡಲಿ?

ಅಕ್ಕನಿಗೆ ನನ್ನ ನೆನಪು ಹೇಳು. ಮಗುವಿನ ಎರಡೂ ಕೆನ್ನೆಗೆ ಮುತ್ತು. ನಿನ್ನ ಕಾಲಿಗೆ ಇಲ್ಲಿಂದಲೇ ನಮಸ್ಕಾರ.

ನಿನ್ನ ಬಾಯಿಬಡುಕಿ ಮಗಳು

ಲಕೋಟೆ ಅಂಟಿಸುವ ಮುಂಚೆ: ನೀನು ಬರುವವರೆಗೆ ಕೂಗಲು ನನ್ನನ್ನು ನಿಲ್ಲಿಸಿದ್ದಾರೆ. ದೊಡ್ಡ ಗಂಟಲು ಇದೆಯಲ್ಲ ಅಂತ. ಇವತ್ತು ಎದೆಯುಬ್ಬಿಸಿ "ಹೂಂ, ಬಿಡಿ!" ಎಂದೆ. ಯಾರೂ ಅಲುಗಲಿಲ್ಲ. "ಸ್ವಲ್ಪ ತಾಳಮ್ಮಾ, ನನ್ನ ಕೈ ಇನ್ನೂ ಇಲ್ಲೇ ಇದೆ" ಎಂದಳು ಆಚೆ ಬದಿಯವಳು, ನಗುತ್ತಲೇ. ಅಮ್ಮಾ, ನೀನು ಏನನ್ನು ನೋಡಿ ಕೂಗುತ್ತಿದ್ದೆ, ಕೈಗಳನ್ನೋ ಮುಖಗಳನ್ನೋ? ನಾಳೆ ಬೆಳಿಗ್ಗೆ ಮತ್ತೆ ಕೂಗಬೇಕು. ಬೇಗ ಬಾ.