ಡಬ್ಬಕ್ಕೆ ಮರುಜೀವ

ಮನೆ, ಮಹಡಿ ಕೋಣೆ
ಹದಿನಾಲ್ಕನೇ ತಾರೀಕು, ಶನಿವಾರ ಬೆಳಗ್ಗೆ

ನನ್ನ ಪ್ರೀತಿಯ ಯಜಮಾನ್ತಿಗೆ,

ಹೇಗಿದ್ದೀಯ? ಮುಂಗೈ ಮೇಲೆ ಎಣ್ಣೆ ಸಿಡಿದ ಗಾಯ ಒಣಗಿತೇ? ಒಣಗಿದೆ ಎಂದು ಹೋದ ಪತ್ರದಲ್ಲಿ ನೀನು ಬರೆದಿದ್ದೆ, ಆದರೆ ಆ ಸಾಲಿನ ಅಕ್ಷರಗಳು ಎಡಗೈಯಲ್ಲಿ ಬರೆದ ಹಾಗೆ ಸೊಟ್ಟಗಿದ್ದವು, ಆದ್ದರಿಂದ ನಾನು ನಂಬಿಲ್ಲ. ಹಡಗು ಓಲಾಡುವಾಗ ದೊಡ್ಡ ಬಾಣಲೆಗೆ ಕೈ ಹಾಕಬೇಡ. ಇಪ್ಪತ್ತೆರಡು ಜನರಿಗೆ ಮೂರು ಹೊತ್ತು ಬೇಯಿಸಿ ಹಾಕುವವಳಿಗೆ ಬಾಣಲೆಯ ಪಾಠ ಹೇಳುತ್ತಿರುವ ನಾನು ಮೊನ್ನೆ ಎರಡು ಲೋಟ ಹಾಲು ಕಾಯಿಸಲು ಹೋಗಿ ಒಲೆಗೇ ಕುಡಿಸಿದೆ, ಅದು ಬೇರೆ ಮಾತು. ಅತ್ತೆ ಚೆನ್ನಾಗಿದ್ದಾರೆ. ಮಂಡಿನೋವು ಇದ್ದೇ ಇದೆ, ಆದರೆ ಮಗಳ ಪತ್ರ ಬಂದ ದಿನ ಅದು ಎಲ್ಲಿಗೆ ಓಡಿಹೋಗುತ್ತದೋ, ಸರಸರನೆ ಮೆಟ್ಟಿಲು ಹತ್ತಿ ಬಂದುಬಿಡುತ್ತಾರೆ. ನಾನು ಎರಡು ಕಿಲೋ ಇಳಿದಿದ್ದೇನೆ. ಕಾರಣ ನನ್ನದೇ ಅಡುಗೆ.

ಈಗ ಸುದ್ದಿಗೆ ಬರುತ್ತೇನೆ. ಕಂಪನಿಯವರು ಇನ್ನೂ ನಾಲ್ಕು ತಿಂಗಳು ಇರುತ್ತೀಯಾ ಎಂದು ಕೇಳುತ್ತಿದ್ದಾರೆ, ಮುಂದಿನ ಬಂದರಿನಲ್ಲಿ ಸಹಿ ಹಾಕಬೇಕು ಅಥವಾ ಇಳಿಯಬೇಕು ಎಂದು ಬರೆದಿದ್ದೆಯಲ್ಲ, ಅದನ್ನು ಮೂರು ಸಲ ಓದಿದೆ. ಮನೆಗೆ ಬೇಕಾದದ್ದೆಲ್ಲ ಈಗಿನ ಸಂಬಳದಲ್ಲೇ ಮುಗಿಯುತ್ತದೆ, ಹೆಚ್ಚಿನ ನಾಲ್ಕು ತಿಂಗಳು ಬರೀ ಹೊಸ ಕಂಪ್ಯೂಟರಿಗೆ ಅಂದಿದ್ದೆ. ಕೊನೆಗೆ "ಆ ಡಬ್ಬಾನ ಗುಜರಿಗೆ ಹಾಕ್ಬಿಡಿ, ಒಂಬತ್ತು ವರ್ಷ ಆಯ್ತು, ಕೋಟೆ ಆಟದ ಹೊಸ ಭಾಗ ಅದರಲ್ಲಿ ಈ ಜನ್ಮದಲ್ಲಿ ಓಡಲ್ಲ" ಎಂದೂ ಬರೆದಿದ್ದೆ. ನನಗೆ ರೋಷ ಬಂತು. ನಲವತ್ತು ವರ್ಷದ ಹೊಲಿಗೆ ಯಂತ್ರಕ್ಕೆ ಜೀವ ಕೊಡುವವನ ಮನೆಯಲ್ಲಿ ಒಂಬತ್ತು ವರ್ಷದ ಕೂಸನ್ನು ಗುಜರಿಗೆ ಹಾಕುವುದೇ? ನಿನ್ನ ಹಡಗು ಬಂದರು ಮುಟ್ಟುವಷ್ಟರಲ್ಲಿ ಅದನ್ನು ಎಬ್ಬಿಸಿ ನಿಲ್ಲಿಸಬೇಕು, ನಿನಗೆ ಸಹಿ ಹಾಕಲು ಕಾರಣವೇ ಉಳಿಯಬಾರದು ಎಂದು ಅಂದೇ ಹಟ ತೊಟ್ಟೆ.

ಡಬ್ಬವನ್ನು ನನ್ನ ಬೆಂಚಿನ ಮೇಲೆ, ಎರಡು ಹೊಲಿಗೆ ಯಂತ್ರಗಳ ನಡುವೆ ಇಟ್ಟು ಪಕ್ಕದ ತಗಡು ಬಿಚ್ಚಿದೆ. ಒಳಗೆ ದಿಂಬಿಗೆ ತುಂಬುವಷ್ಟು ಧೂಳು. ಅದರ ಜೊತೆಗೆ ನಿನ್ನ ಎರಡು ಹೇರ್‌ಪಿನ್ನು, ಒಂದು ಪಿಸ್ತಾ ಸಿಪ್ಪೆ. ಸಿಪ್ಪೆ ಅಲ್ಲಿಗೆ ಹೇಗೆ ಹೋಯಿತು ಎಂಬುದಕ್ಕೆ ನೀನೇ ಬಂದು ವಿವರಣೆ ಕೊಡಬೇಕು. ಆಟ ಶುರುವಾದರೆ ಹಿಟ್ಟಿನ ಗಿರಣಿಯಂತೆ ಅರಚುತ್ತಿದ್ದ ಫ್ಯಾನಿನ ನಡುವೆ ಒಂದು ಸ್ಟಿಕ್ಕರ್ ಇತ್ತು. ಅದನ್ನು ಎಬ್ಬಿಸಿ ಹೊಲಿಗೆ ಯಂತ್ರದ ಎಣ್ಣೆ ಒಂದೇ ಒಂದು ಹನಿ ಬಿಟ್ಟೆ. ಸದ್ದು ಅಡಗಿತು. ಇದು ನನ್ನ ಸ್ವಂತ ಗೆಲುವು, ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದು.

ಬಿಡಿಭಾಗಕ್ಕೆ ಬಸ್ ನಿಲ್ದಾಣದ ಹಿಂದಿನ ಓಣಿಗೆ ಹೋದೆ. ಅಲ್ಲಿ ಹಳೇ ಕಂಪ್ಯೂಟರ್ ಬಿಚ್ಚಿ ಮಾರುವ ಒಬ್ಬಾಕೆ ಇದ್ದಾರೆ, ಹಣೆಗೆ ಸದಾ ಟಾರ್ಚು ಕಟ್ಟಿಕೊಂಡಿರುತ್ತಾರೆ, ಓಣಿಯವರೆಲ್ಲ ಟಾರ್ಚಕ್ಕ ಅನ್ನುತ್ತಾರೆ. ನನ್ನ ಜೇಬಿನಲ್ಲಿದ್ದುದು ಸಮವಸ್ತ್ರ ಹೊಲಿಯುವ ಕಾರ್ಖಾನೆಯವರು ಹದಿನಾರು ಯಂತ್ರಗಳ ಸರ್ವಿಸಿಗೆ ಕೊಟ್ಟ ಹಣ, ಅಷ್ಟೇ. ನಾನು ಗಾಜಿನೊಳಗೆ ಮೂರು ಫ್ಯಾನುಗಳ ಒಂದು ಗ್ರಾಫಿಕ್ಸ್ ಕಾರ್ಡನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಆಕೆ "ಇರೋದನ್ನ ಹೇಳಿ ಅಣ್ಣ, ಆಸೆ ಆಮೇಲೆ" ಅಂದರು. ಮನೆಗೆ ವಾಪಸ್ ಕಳಿಸಿ ಪವರ್ ಸಪ್ಲೈ ಮೇಲಿನ ಚೀಟಿಯ ಫೋಟೋ ತರಿಸಿದರು. ಅದನ್ನು ನೋಡಿ, ನಿಮ್ಮ ಪವರ್ ಸಪ್ಲೈಗೆ ಅಷ್ಟು ದೊಡ್ಡ ಕಾರ್ಡನ್ನು ಸಾಕುವ ಶಕ್ತಿ ಇಲ್ಲ ಎಂದು ಹೇಳಿ ಒಂದೇ ಫ್ಯಾನಿನ, ಬಳಸಿದ, ಆದರೆ ಗಟ್ಟಿಮುಟ್ಟಾದ ಕಾರ್ಡು ಕೊಟ್ಟರು. ಹಳೇ ಹಾರ್ಡ್ ಡಿಸ್ಕ್ ಇದ್ದಲ್ಲೇ ಇರಲಿ ಎಂದು, ಅದರ ಪಕ್ಕಕ್ಕೆ, ಡಬ್ಬ ಬೇಗ ಏಳಲಿ ಎಂದು, ಹೊಸ ಎಸ್‌ಎಸ್‌ಡಿ ಡಿಸ್ಕ್ ಒಂದು. ಆದ್ದರಿಂದ ನಿನ್ನ ಹಳೇ ಕೋಟೆಗಳೆಲ್ಲ ಸುರಕ್ಷಿತ, ಗಾಬರಿಯಾಗಬೇಡ. ಕೊನೆಗೆ ಮೆಮೊರಿ. ಇಷ್ಟು ದುಡ್ಡಿಗೆ ಎಂಟು ಜಿಬಿ ಮೆಮೊರಿ ಬಂತು ಎಂದು ನಾನು ಅತ್ತೆಗೆ ಹೇಳಿದ್ದೇ ತಡ, ತಲೆ ಮೇಲಿದ್ದ ಕನ್ನಡಕವನ್ನು ಮನೆಯೆಲ್ಲ ಹುಡುಕುತ್ತಿದ್ದವರು ನಿಂತು, "ಅಷ್ಟು ಸಸ್ತಾ ಆದ್ರೆ ನನಗೂ ಒಂದು ತಂದ್ಬಿಡಿ ಅಳಿಯಂದ್ರೇ" ಅಂದರು.

ಇನ್ನು ನನ್ನ ಘನಕಾರ್ಯ. ಎಲ್ಲವನ್ನೂ ಕೂರಿಸುವ ಮುನ್ನ ಪ್ರೊಸೆಸರಿನ ಮೇಲಿನ ಫ್ಯಾನನ್ನೂ ಬಿಚ್ಚಿ ಸ್ವಚ್ಛ ಮಾಡೋಣ ಎಂದುಕೊಂಡೆ. ಬಿಚ್ಚಿದರೆ ಪ್ರೊಸೆಸರಿನ ಬೆನ್ನಿನ ಮೇಲೆ ಬೂದು ಬಣ್ಣದ ಜಿಡ್ಡು, ಒಣಗಿ ಹಕ್ಕಳೆಗಟ್ಟಿತ್ತು. ಇಪ್ಪತ್ತಾರು ವರ್ಷದಿಂದ ನಾನು ಮಾಡಿಕೊಂಡು ಬಂದ ಕೆಲಸವೇ ಜಿಡ್ಡು ತೆಗೆಯುವುದು. ಬೂದು ಜಿಡ್ಡು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹತ್ತಿಬಟ್ಟೆ, ಸ್ಪಿರಿಟ್ಟು ಹಿಡಿದು ಮುಖ ಕಾಣುವಷ್ಟು ಉಜ್ಜಿದೆ, ಹೆಮ್ಮೆಯಿಂದ ಅತ್ತೆಗೂ ತೋರಿಸಿದೆ. ಹಾಗೆಯೇ ಫ್ಯಾನು ಕೂರಿಸಿ ಸ್ವಿಚ್ಚು ಒತ್ತಿದೆ. ಡಬ್ಬ ಎದ್ದಿತು, ನಿನ್ನ ಪರದೆ ಬೆಳಗಿತು, ಎರಡು ನಿಮಿಷಕ್ಕೆ ಸತ್ತಿತು. ಮತ್ತೆ ಒತ್ತಿದೆ, ಮತ್ತೆ ಸತ್ತಿತು. ಮೂರನೇ ಸಲ ಒಂದು ನಿಮಿಷವೂ ತಾಳಲಿಲ್ಲ. ನಿನ್ನ ಯಂತ್ರವನ್ನು ನನ್ನ ಕೈಯಾರೆ ಕೊಂದೆ, ಈಗ ನೀನು ಸಹಿ ಹಾಕುವುದು ಖಂಡಿತ, ಇನ್ನೂ ನಾಲ್ಕು ತಿಂಗಳು ಈ ಮನೆಯಲ್ಲಿ ನನ್ನ ಅಡುಗೆಯೇ ಗತಿ ಎಂದು ಬೆಂಚಿನ ಮುಂದೆ ತಲೆ ಮೇಲೆ ಕೈ ಹೊತ್ತು ಕೂತೆ. ಅತ್ತೆ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿದ ಟೀ ತಂದಿಟ್ಟರು. ಅವರೇ ಸಕ್ಕರೆ ಹೆಚ್ಚು ಹಾಕಿದ್ದಾರೆ ಅಂದರೆ ನನ್ನ ಮುಖ ಎಷ್ಟು ಕೆಟ್ಟಿತ್ತೋ ಊಹಿಸಿಕೋ.

ಮರುದಿನ ಟಾರ್ಚಕ್ಕನ ಮುಂದೆ ಹೋಗಿ ನಿಂತೆ. ಏನೇನು ಮಾಡಿದೆ ಎಂದು ಒಂದೊಂದಾಗಿ ಕೇಳಿದರು. ಕನ್ನಡಿಯಂತೆ ಉಜ್ಜಿದ ಸಂಗತಿಗೆ ಬಂದಾಗ ಆಕೆ ಹಣೆಯ ಟಾರ್ಚು ಆರಿಸಿ, ಸ್ಟೂಲಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅದು ಕೊಳೆ ಅಲ್ಲ ಅಣ್ಣ, ಅದು ಪೇಸ್ಟು. ಅದಿಲ್ದೆ ಒಳಗಿನ ಬಿಸಿ ಫ್ಯಾನಿಗೆ ದಾಟಲ್ಲ. ಸತ್ತಿಲ್ಲ ಬಿಡಿ, ಬಿಸಿ ತಡೀಲಾರ್ದೆ ತಾನೇ ಆಫ್ ಆಗಿದೆ" ಅಂದರು. ಸತ್ತಿಲ್ಲ ಅನ್ನುವ ಒಂದು ಮಾತಿಗೆ ಆಕೆಯ ಕಾಲು ಮುಟ್ಟುವುದೊಂದು ಬಾಕಿ. ಬೆರಳುದ್ದದ ಪೇಸ್ಟಿನ ಟ್ಯೂಬು ಕೊಟ್ಟು, ಕಡಲೆ ಕಾಳಿನಷ್ಟೇ ಹಾಕಿ, ಬೆಣ್ಣೆ ಸವರಿದಂತೆ ಬಳಿಯಬೇಡಿ ಎಂದು ಎರಡು ಸಲ ಹೇಳಿ ಕಳಿಸಿದರು. ಮನೆಗೆ ಬಂದು ಪೇಸ್ಟು ಹಾಕದೆ ಕೆಟ್ಟಿತ್ತಂತೆ ಎಂದು ಹೇಳಿದರೆ ಅತ್ತೆ ಬಚ್ಚಲಿನಿಂದ ಹಲ್ಲುಜ್ಜುವ ಪೇಸ್ಟನ್ನೇ ತಂದು ಕೈಗಿತ್ತರು. ನಗಬೇಡ, ಉಜ್ಜಿದವನಿಗಿಂತ ಅವರದು ಸಣ್ಣ ತಪ್ಪು.

ಈಗ ನಿನ್ನ ಡಬ್ಬ ಸ್ವಿಚ್ಚು ಒತ್ತಿ ಬಟ್ಟಲಿಗೆ ಟೀ ಸುರಿಯುವಷ್ಟರಲ್ಲಿ ಸಿದ್ಧವಾಗಿರುತ್ತದೆ. ಮೊದಲಾದರೆ ಟೀ ಮಾಡಿ, ಕುಡಿದು, ಲೋಟ ತೊಳೆದಿಟ್ಟು ಬರಬಹುದಿತ್ತು. ಕೋಟೆ ಆಟದ ಹೊಸ ಭಾಗವನ್ನು ಇಳಿಸಿಕೊಂಡು ನಾನೇ ಓಡಿಸಿ ನೋಡಿದೆ, ತಡವರಿಸದೆ ಓಡುತ್ತದೆ. ನನ್ನ ಕೋಟೆ ನಾಲ್ಕು ನಿಮಿಷಕ್ಕೆ ಬಿದ್ದುಹೋಯಿತು, ಅದಕ್ಕೆ ಯಂತ್ರ ಹೊಣೆಯಲ್ಲ. ಅತ್ತೆ ಹಿಂದೆ ನಿಂತು ನೋಡುತ್ತಿದ್ದವರು ನನ್ನ ಮಗಳು ಇಷ್ಟು ಬೇಗ ಸೋಲುತ್ತಿರಲಿಲ್ಲ ಎಂದು ಹೇಳಿ ಕೆಳಗಿಳಿದು ಹೋದರು. ನಿಜ ಹೇಳಬೇಕೆಂದರೆ ಈ ಎರಡು ವಾರ ನಾನು ಬಹಳ ಸಂತೋಷವಾಗಿದ್ದೆ. ನಿನ್ನ ಕುರ್ಚಿಯಲ್ಲಿ ಕೂತು ನಿನ್ನ ವಸ್ತುವಿನ ಕೆಲಸ ಮಾಡುತ್ತಿದ್ದರೆ ನೀನು ಪಕ್ಕದ ಕೋಣೆಯಲ್ಲಿ ಇದ್ದೀಯ ಅನ್ನಿಸುತ್ತಿತ್ತು.

ಅತ್ತೆ ಆಶೀರ್ವಾದ ಕಳಿಸಿದ್ದಾರೆ, ಉಪ್ಪು ಕಡಿಮೆ ತಿನ್ನು ಎಂಬ ಮಾತನ್ನೂ ಅದಕ್ಕೇ ಸೇರಿಸಿದ್ದಾರೆ. ನಿನ್ನ ಕ್ಯಾಪ್ಟನ್ನಿಗೂ ಎಂಜಿನ್ ಕೋಣೆಯವರಿಗೂ ನನ್ನ ನಮಸ್ಕಾರ ತಿಳಿಸು. ಗಾಯಕ್ಕೆ ಮುಲಾಮು ಹಚ್ಚುವುದನ್ನು ತಪ್ಪಿಸಬೇಡ.

ಇಂತು ನಿನ್ನ ಮೆಕ್ಯಾನಿಕ್ಕು, ಜಿಡ್ಡು ಕಂಡಲ್ಲಿ ಉಜ್ಜುವವ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆ ಹೋಗುವ ಹೊತ್ತಾಯಿತು, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಒಂದು ಸಂಗತಿ ಮುಚ್ಚಿಟ್ಟಿದ್ದೆ. ಹೊಸ ಭಾಗ ಓಡುವುದು ಆಟದೊಳಗೆ ಕಾಣುವ ನೆರಳುಗಳನ್ನೆಲ್ಲ ಆಫ್ ಮಾಡಿದರೆ ಮಾತ್ರ. ಗೋಡೆ ಮೇಲೆ ನೆರಳು ನೋಡಿಯೇ ಶತ್ರು ಎತ್ತಲಿಂದ ಬರುತ್ತಾನೆ ಎಂದು ಹೇಳುವವಳು ನೀನು, ನಿನಗಿದು ಸಣ್ಣ ಕೊರತೆಯಲ್ಲ ಎಂದು ಗೊತ್ತು. ನೆರಳು ಬೇಕಾದರೆ ಆ ಮೂರು ಫ್ಯಾನಿನ ಕಾರ್ಡೇ ಬೇಕಂತೆ, ಅದಕ್ಕೆ ತಕ್ಕ ಪವರ್ ಸಪ್ಲೈ ಬೇಕಂತೆ, ಅಂದರೆ ನಿನ್ನ ಆ ನಾಲ್ಕು ತಿಂಗಳು. ಇದನ್ನು ಹೇಳದಿದ್ದರೆ ನೀನು ಬಂದುಬಿಡುತ್ತಿದ್ದೆ, ಆದರೆ ಸುಳ್ಳು ಹೇಳಿ ಕರೆಸಿಕೊಳ್ಳಲು ಮನಸ್ಸು ಬರಲಿಲ್ಲ. ಸಹಿ ಹಾಕಬೇಡ. ನೀನಿಲ್ಲದೆ ನನಗೆ ಆಗುತ್ತಿಲ್ಲ, ಬಾ. ಶತ್ರು ಎತ್ತಲಿಂದ ಬರುತ್ತಾನೆ ಎಂದು ನಾನು ಪಕ್ಕದಲ್ಲೇ ಕೂತು ನೋಡಿ ಹೇಳುತ್ತೇನೆ.