ಮೊಸಳೆ ನಾಲ್ಕರಲ್ಲೇ

ಮಾರ್ಚ್ 3, ಸೋಮವಾರ
ತಂತಿ ಒರೆಸಿ ಗಿಟಾರಿನ ಕುತ್ತಿಗೆಗೆ ಕೇಪೊ, ಅದೇ ಶ್ರುತಿ ಏರಿಸುವ ಕ್ಲಿಪ್ಪು, ಕಚ್ಚಿಸಿದೆ. ನಾಲ್ಕನೇ ಫ್ರೆಟ್, ಅಂದರೆ ಕುತ್ತಿಗೆಯ ನಾಲ್ಕನೇ ಪಟ್ಟಿ. ಹೋಟೆಲಿನಲ್ಲಿ ನಾನು ನುಡಿಸಿ ಅಕ್ಕ ಹಾಡಲು ಶುರುಮಾಡಿದಾಗಿನಿಂದ ಅವಳ ಶ್ರುತಿ ಅದೇ. ಕೇಪೊಗೆ ಅವಳಿಟ್ಟ ಹೆಸರು ಮೊಸಳೆ.

ಗಂಟಲಿನ ಆಪರೇಷನ್ ಆದಮೇಲೆ ಇವತ್ತೇ ಮೊದಲು ಮಹಡಿಯಿಂದ ಇಳಿದು ನನ್ನ ರೂಮಿಗೆ ಬಂದಳು. ಪಲ್ಲವಿ ಸರಿ. ಮೇಲೇರುವ ಕಡೆ ದನಿ ಒಡೆಯಿತು.

"ಹಳೇ ಶ್ರುತಿ ಬರ್ಲಿಲ್ಲ ಅಂದ್ರೆ ಹಾಡೋದೇ ಬಿಡ್ತೀನಿ ಕಣೋ."

ಮೊಸಳೆಯನ್ನು ಒಂದು ಫ್ರೆಟ್ ಇಳಿಸೋಣ ಅಂದೆ.

"ಅದು ಅಲ್ಲಾಡಿದ್ರೆ ನಾನು ಎದ್ದು ಹೋಗ್ತೀನಿ."

ಹಟದಲ್ಲಿ ಅಮ್ಮನ ಮಗಳೇ.

ಮಾರ್ಚ್ 9, ಭಾನುವಾರ
ಅವಳು ಬರುವ ಮೊದಲೇ ಆರೂ ತಂತಿ ಅರ್ಧ ಸ್ವರ, ಅಂದರೆ ಒಂದು ಫ್ರೆಟ್ ಇಳಿಸಿದಷ್ಟೇ, ಸಡಿಲಿಸಿದೆ. ಮೊಸಳೆ ನಾಲ್ಕರಲ್ಲೇ. ಅದನ್ನೇ ನೋಡುತ್ತ ಹಾಡಿದಳು. ಪಲ್ಲವಿ, ಆಮೇಲೆ ನನ್ನ ಗಿಟಾರ್, ಆಮೇಲೆ ಆ ಏರು… ಹೆಚ್ಚುಕಮ್ಮಿ ಹತ್ತಿದಳು.

"ಬರ್ತಾ ಇದೆ ಕಣೋ!" ಕೆನ್ನೆ ಹಿಂಡಿದಳು. ನನ್ನನ್ನು ಯಾರಾದರೂ ಮುಟ್ಟಿ ಎಷ್ಟು ಕಾಲವಾಗಿತ್ತೋ.

ಮಾರ್ಚ್ 21, ಶುಕ್ರವಾರ
ಇಲ್ಲಿಗೆ ಮೂರು ಸಲ ಸಡಿಲಿಸಿದ್ದಾಯಿತು. ಸಲೀಸಾಗಿ ಹತ್ತುತ್ತಾಳೆ. ತಂತಿ ಮಾತ್ರ ಗೊರಗೊರ.

"ಏನೋ, ಮೊಸಳೆಗೆ ನೆಗಡೀನಾ?"

ತಂತಿ ಹಳೇದು ಅಂದೆ. ಹೋಟೆಲ್ ಮ್ಯಾನೇಜರಿಗೆ ಫೋನ್ ಮಾಡಿಯೇಬಿಟ್ಟಿದ್ದಾಳೆ — ಏಪ್ರಿಲ್ ಐದಕ್ಕೆ ಹಾಡುತ್ತಾಳಂತೆ. ಹೇಳಿಬಿಡಬೇಕು. ನಾಳೆ.

ಏಪ್ರಿಲ್ 5, ಶನಿವಾರ
ಹೇಳಲಿಲ್ಲ.

ಮ್ಯಾನೇಜರ್ ಕೀಬೋರ್ಡಿನವನನ್ನೂ ಕರೆಸಿದ್ದರು. ಅವನು ಮೊಸಳೆ ಎಲ್ಲಿದೆ ನೋಡಿದ, ಶ್ರುತಿ ಲೆಕ್ಕ ಹಾಕಿದ, ನಾನು ಬಾಯಿಬಿಡುವಷ್ಟರಲ್ಲಿ ಶುರುಮಾಡಿದ. ಹಳೇ ಶ್ರುತಿ. ನಾನು ತಂತಿ ಮುಟ್ಟಿದರೆ ಅಪಸ್ವರ, ಕೈಕಟ್ಟಿ ಕೂತೆ. ಅಕ್ಕ ಅವನ ಜೊತೆಗೇ ಹೋದಳು. ಏರಿನಲ್ಲಿ ದನಿ ಒಡೆಯಿತು. ಊಟಕ್ಕೆ ಕೂತವರು ತಟ್ಟೆ ನೋಡಿಕೊಂಡರು.

ವಾಪಸ್ ಬರುವಾಗ ಕೇಳಿದಳು: "ಎಷ್ಟು ಇಳಿಸಿದ್ದೆ?"

"ಮೂರು."

"ಹಳೇ ದನಿ ಬರುತ್ತೆ ಅಂತ ಎಲ್ರೂ ಸುಳ್ಳು ಹೇಳಿದ್ರು, ಡಾಕ್ಟ್ರೂ ಸೇರಿ. ನೀನೂನಾ?"

ಏಪ್ರಿಲ್ 6, ಭಾನುವಾರ
ಬರಲಿಲ್ಲ.

ಏಪ್ರಿಲ್ 19, ಶನಿವಾರ
ಅಭ್ಯಾಸಬಲ, ಎರಡು ಲೋಟ ಟೀ ಮಾಡಿದೆ. ಎರಡನ್ನೂ ನಾನೇ ಕುಡಿದೆ. ಮೆಟ್ಟಿಲಲ್ಲಿ ಸಿಕ್ಕಳು, ಬಾಡಿಗೆದಾರನಿಗೆ ದಾರಿ ಬಿಡುವಂತೆ ಪಕ್ಕಕ್ಕೆ ಸರಿದಳು. ತಂತಿಗಳನ್ನು ಮತ್ತೆ ಮೊದಲಿನಂತೆ ಬಿಗಿದೆ. ಕೆಟ್ಟ ಮೇಲೆ ಬುದ್ಧಿ, ಅಟ್ಟ ಮೇಲೆ ಒಲೆ. ತುಂಬಾ ಒಂಟಿ ಅನಿಸುತ್ತಿದೆ.

ಏಪ್ರಿಲ್ 27, ಭಾನುವಾರ, ಬೆಳಿಗ್ಗೆ
ಮೇಲಿನಿಂದ ಹಾಡು! ಅಕ್ಕನೇ. ತಗ್ಗಿದ ದನಿ, ಸ್ವಲ್ಪ ಒರಟು. ಏರಿನಲ್ಲಿ ಒಡೆಯಲಿಲ್ಲ. ಮೊಸಳೆಯನ್ನು ಅತ್ತಿತ್ತ ಸರಿಸಿ ಅವಳ ಶ್ರುತಿ ಹುಡುಕಿದೆ — ಒಂದನೇ ಫ್ರೆಟ್. ಕಿಟಕಿ ತೆರೆದು ಒಮ್ಮೆ ಮೀಟಿದೆ.

ಹಾಡು ನಿಂತಿತು.

ಆಗಿನಿಂದ ಗಿಟಾರ್ ತೊಡೆಯ ಮೇಲೇ ಇದೆ. ಮೀಟಬಾರದಿತ್ತು. ಹೋಗಿ ಬಾಗಿಲು ತಟ್ಟಲೇ? ಏನಂತ ಹೇಳಲಿ…

ಮತ್ತೆ ಶುರುಮಾಡಿದಳು. ಮೊದಲಿನಿಂದ, ಅದೇ ಶ್ರುತಿ. ಈ ಸಲ ಅವಳ ಕಿಟಕಿಯೂ ತೆರೆದಿದೆ. ಪಲ್ಲವಿ ಮುಗಿಯಿತು. ಗಿಟಾರ್ ಬರುವ ಜಾಗ. ಸುಮ್ಮನಿದ್ದಾಳೆ. ಮುಂದಕ್ಕೆ ಹೋಗುತ್ತಿಲ್ಲ, ನನಗಾಗಿ ಕಾಯುತ್ತಿ—